ಪಾರ್ಟಿಕಲ್ ಬೋರ್ಡ್‌ಗೆ ಸ್ಕ್ರೂ ಹಾಕುವ ಮುಂಚೆ ಒಂದ್ನಿಮಿಷ

ಸಿಂಕ್ ಕೆಳಗಿನ ಬಾಗಿಲು ಒಂದು ಬೆಳಿಗ್ಗೆ ಕೈಗೇ ಬಂತು. ಕಸದ ಡಬ್ಬಿ ತೆಗೆಯೋಣ ಅಂತ ಎಳೆದೆ, ಅಷ್ಟೇ. ಮೇಲಿನ ಹಿಂಜ್ ಎರಡೂ ಸ್ಕ್ರೂ ಸಮೇತ ಕಿತ್ತು ಬಂದು ನೇತಾಡುತ್ತಿತ್ತು. ಸ್ಕ್ರೂ ಇದ್ದ ತೂತಿನಿಂದ ಕಂದು ಹೊಟ್ಟು ಉದುರುತ್ತಿತ್ತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನೆಯಲ್ಲಿದ್ದ ಡಬ್ಬಿ ತಡಕಾಡಿ ಇನ್ನೂ ಉದ್ದದ ಸ್ಕ್ರೂ ಹುಡುಕಿ ತಿರುಗಿಸಿದೆ. ಗಟ್ಟಿಯಾಗಿ ಕೂತಿತು ಅಂತ ಖುಷಿಪಟ್ಟೆ. ಪಕ್ಕದ ಖಾನೆ ತೆಗೆದು ನೋಡಿದರೆ ಅಲ್ಲಿ ಲ್ಯಾಮಿನೇಟ್ ಮೇಲೆ ಮೊಡವೆ ಥರ ಎದ್ದಿತ್ತು, ಸ್ಕ್ರೂ ಮೂತಿ ಹೊರಗೆ ಇಣುಕುತ್ತಿತ್ತು. ವಾರ ಕಳೆಯುವುದರೊಳಗೆ ಅದೂ ಸಡಿಲ. ಎರಡನೇ ಸಲ ಜಾಣತನ ಮಾಡಿ, ಗೋಡೆಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಬಡಿದು ಅದರೊಳಗೆ ಸ್ಕ್ರೂ ಬಿಟ್ಟೆ. ಪ್ಲಗ್ ಉಬ್ಬಿತು, ಜೊತೆಗೆ ಬೋರ್ಡೂ ಉಬ್ಬಿ ಬಿರುಕು ಬಿಟ್ಟಿತು.

ಮೂರನೇ ಸಲ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಪುಟ್ಟ ಅಂಗಡಿಗೆ ಹೋಗಿ ಸ್ಕ್ರೂ ಕೇಳಿದೆ. ಅಲ್ಲಿದ್ದ ಹಿರಿಯರು ಸ್ಕ್ರೂ ಕೊಡಲಿಲ್ಲ, ತಿರುಗಿ ಪ್ರಶ್ನೆ ಕೇಳಿದರು. "ಎಲ್ಲಿಗೆ ಹಾಕ್ತೀರಾ ಸಾರ್, ಬೋರ್ಡ್ ಮುಖಕ್ಕಾ, ಅಂಚಿಗಾ?" ನನಗೆ ಆ ವ್ಯತ್ಯಾಸವೇ ಗೊತ್ತಿರಲಿಲ್ಲ. ಇಷ್ಟು ದಿನ ಸ್ಕ್ರೂ ಅಂದರೆ ಸ್ಕ್ರೂ, ಉದ್ದ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ, ಅಷ್ಟೇ ಅಂದುಕೊಂಡಿದ್ದೆ.

ಈಗ ಮನೆಯ ಹತ್ತಾರು ಹಿಂಜ್, ಚಾನೆಲ್, ಹಿಡಿ ಎಲ್ಲ ಬಿಚ್ಚಿ ಹಾಕಿದ ಮೇಲೆ ಗೊತ್ತಾಗಿದ್ದನ್ನು ಬರೆಯುತ್ತಿದ್ದೇನೆ. ಸ್ಕ್ರೂ ಆರಿಸುವುದು ಅರ್ಧ ಕೆಲಸ. ಅದಕ್ಕೆ ತಕ್ಕ ತೂತು ಕೊರೆದು, ಸರಿಯಾದ ಹೊತ್ತಿಗೆ ಕೈ ನಿಲ್ಲಿಸುವುದು ಇನ್ನರ್ಧ. ಈ ಹಲಗೆ ಎರಡನೇ ಅವಕಾಶ ಕೊಡುವುದಿಲ್ಲ.

ಹಲಗೆ ಯಾವುದು ಅಂತ ಮೊದಲು ನೋಡಿ

ಮಂಡಕ್ಕಿ ಉಂಡೆ ನೆನಪಿಸಿಕೊಳ್ಳಿ. ಬೆಲ್ಲದ ಪಾಕಕ್ಕೆ ಮಂಡಕ್ಕಿ ಸುರಿದು ಅದುಮಿ ಕಟ್ಟುತ್ತಾರಲ್ಲ, ಪಾರ್ಟಿಕಲ್ ಬೋರ್ಡ್ ಕೂಡ ಹಾಗೇ. ಮರದ ಚೂರು, ಕೆಲವು ಬೋರ್ಡ್‌ಗಳಲ್ಲಿ ಕಬ್ಬಿನ ಸಿಪ್ಪೆ, ಅದಕ್ಕೆ ಅಂಟು, ಮೇಲಿಂದ ಬಿಸಿ ಮತ್ತು ಒತ್ತಡ. ಮರಕ್ಕೆ ಉದ್ದುದ್ದ ನಾರು ಇರುತ್ತದೆ. ಸ್ಕ್ರೂ ಒಳಗೆ ಹೋದಾಗ ನಾರು ಪಕ್ಕಕ್ಕೆ ಸರಿದು, ಆಮೇಲೆ ಸ್ಕ್ರೂವನ್ನು ಅಮುಕಿ ಹಿಡಿದುಕೊಳ್ಳುತ್ತದೆ. ಇಲ್ಲಿ ಆ ಉದ್ದ ನಾರು ಇಲ್ಲ. ಸ್ಕ್ರೂವಿನ ಹಲ್ಲು ಎರಡು ಚೂರುಗಳ ನಡುವೆ ಕಚ್ಚಿಕೊಂಡು ಕೂರುತ್ತದೆ. ಚೂರು ಒಮ್ಮೆ ಅಂಟು ಬಿಟ್ಟಿತೋ, ಮತ್ತೆ ತಾನಾಗಿ ಕೂಡುವುದಿಲ್ಲ. ಉಂಡೆಗೆ ಬೆರಳು ಚುಚ್ಚಿ ತೆಗೆದರೆ ತೂತು ಹಾಗೇ ಉಳಿಯುತ್ತದೆ, ಅಲ್ವಾ?

ಇನ್ನೊಂದು ವಿಷಯ. ಈ ಹಲಗೆ ಒಳಗಿಂದ ಹೊರಗಿನವರೆಗೆ ಒಂದೇ ಥರ ಇರುವುದಿಲ್ಲ. ಎರಡೂ ಮುಖದ, ಅಂದರೆ ಅಗಲದ ಬದಿಯ, ಹತ್ತಿರ ಸಣ್ಣ ಪುಡಿ, ಒತ್ತಾಗಿ. ನಡುವೆ ದಪ್ಪ ಚೂರು, ಸ್ವಲ್ಪ ಸಡಿಲ. ಹಾಗಾಗಿ ಮುಖಕ್ಕೆ ಹಾಕಿದ ಸ್ಕ್ರೂ ಮೊದಲು ಗಟ್ಟಿ ಪದರವನ್ನು ಹಿಡಿಯುತ್ತದೆ. ಅಂಚಿಗೆ ಹಾಕಿದ್ದು ಸೀದಾ ನಡುವಿನ ಸಡಿಲ ಭಾಗಕ್ಕೇ ಹೋಗುತ್ತದೆ. ಪ್ರೀಲ್ಯಾಮ್ ಬೋರ್ಡ್‌ಗೆ, ಅಂದರೆ ಲ್ಯಾಮಿನೇಟ್ ಹಚ್ಚಿಯೇ ಬರುವ ಪಾರ್ಟಿಕಲ್ ಬೋರ್ಡ್‌ಗೆ, ಇರುವ ಭಾರತೀಯ ಮಾನದಂಡ ಐಎಸ್ 12823ರಲ್ಲೂ ಸ್ಕ್ರೂ ಎಷ್ಟು ಬಲ ತಡೆಯಬೇಕು ಅನ್ನುವುದಕ್ಕೆ ಮುಖಕ್ಕೊಂದು ಲೆಕ್ಕ, ಅಂಚಿಗೊಂದು ಲೆಕ್ಕ ಇಟ್ಟಿದ್ದಾರೆ. ಅಂಚಿನದ್ದು ಕಡಿಮೆ. ಅಂಗಡಿಯ ಹಿರಿಯರು ಕೇಳಿದ್ದು ಇದನ್ನೇ.

ನಿಮ್ಮ ಮನೆಯದ್ದು ಪಾರ್ಟಿಕಲ್ ಬೋರ್ಡೋ, ಪ್ಲೈವುಡ್ಡೋ, ಎಂಡಿಎಫ್ಫೋ ಅಂತ ಅನುಮಾನವಿದ್ದರೆ ಒಂದು ಹಿಂಜ್ ಬಿಚ್ಚಿ ಬಾಗಿಲಲ್ಲಿರುವ ಆ ದುಂಡು ಗುಳಿಯನ್ನು ಟಾರ್ಚ್ ಹಾಕಿ ನೋಡಿ. ಪದರ ಪದರ ಗೆರೆ ಕಂಡರೆ ಪ್ಲೈವುಡ್. ರಟ್ಟಿನ ಹಾಗೆ ಒಂದೇ ಸಮ ಇದ್ದರೆ ಎಂಡಿಎಫ್. ಚೂರು ಚೂರು ಕಂಡರೆ ನೀವು ಸರಿಯಾದ ಲೇಖನ ಓದುತ್ತಿದ್ದೀರಿ. ಹಾಗೇ ದಪ್ಪವನ್ನೂ ಅಳೆದುಕೊಳ್ಳಿ. ಸಾಮಾನ್ಯವಾಗಿ 18 ಎಂಎಂ ಇರುತ್ತದೆ, ಕೆಲವು ರೆಡಿಮೇಡ್ ಬೀರುಗಳಲ್ಲಿ 15 ಅಥವಾ 16. ಈ ಎರಡು ಮೂರು ಎಂಎಂ ಮುಂದೆ ಲೆಕ್ಕಕ್ಕೆ ಬರುತ್ತದೆ.

ಅಂಗಡಿಯಲ್ಲಿ ಸ್ಕ್ರೂವನ್ನು ಓದುವುದು

ಒಂದು ಸ್ಕ್ರೂ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಮೂರು ವಿಷಯ ನೋಡಬೇಕು.

ಒಂದು, ಹಲ್ಲು ತಲೆಯವರೆಗೂ ಇದೆಯಾ? ಹಳೇ ಕಾಲದ ಮರದ ಸ್ಕ್ರೂಗಳಲ್ಲಿ ಮೇಲಿನ ಕಾಲು ಭಾಗಕ್ಕೂ ಜಾಸ್ತಿ ಬೋಳಾಗಿರುತ್ತದೆ, ಕೆಳಗೆ ಹೋಗುತ್ತಾ ಮೊನಚಾಗುತ್ತದೆ. ತೇಗ, ಹೊನ್ನೆಗೆ ಅದು ಸರಿ. ಪಾರ್ಟಿಕಲ್ ಬೋರ್ಡ್‌ನ ಗಟ್ಟಿ ಪದರ ಇರುವುದೇ ಮೇಲ್ಗಡೆ, ಅಲ್ಲೇ ಹಲ್ಲಿಲ್ಲದಿದ್ದರೆ ಹಿಡಿಯುವುದು ಏನನ್ನ? ಅದೂ ಅಲ್ಲದೆ ಬೋಳು ಭಾಗ ದಪ್ಪ, ಬೆಣೆ ಥರ ಬೋರ್ಡನ್ನು ಸೀಳುತ್ತದೆ.

ಎರಡು, ಹಲ್ಲು ಎತ್ತರವಾಗಿ, ದೂರ ದೂರ ಇದೆಯಾ, ನಡುವಿನ ಕಾಂಡ ತೆಳ್ಳಗಿದೆಯಾ? ಚಿಪ್‌ಬೋರ್ಡ್ (ಪಾರ್ಟಿಕಲ್ ಬೋರ್ಡ್‌ನ ಇನ್ನೊಂದು ಹೆಸರು) ಸ್ಕ್ರೂ ಅಂತ ಕೇಳಿದರೆ ಕೊಡುವುದು ಇಂಥದ್ದನ್ನೇ. ಹೊರಗಿನ ಅಳತೆ 3.5 ಎಂಎಂ ಇದ್ದರೆ ಕಾಂಡ ಸುಮಾರು 2.2 ಎಂಎಂ. ಅಂದರೆ ಚೂರುಗಳನ್ನು ಕಡಿಮೆ ತಳ್ಳಿ, ಜಾಸ್ತಿ ಕಚ್ಚಿಕೊಳ್ಳುತ್ತದೆ. ಹಲ್ಲು ಒತ್ತೊತ್ತಾಗಿ ಇದ್ದರೆ ಅದು ತಗಡಿಗೆ ಮಾಡಿದ್ದು. ಇಲ್ಲಿ ಹಾಕಿದರೆ ಹಲ್ಲುಗಳ ನಡುವಿನ ಬೋರ್ಡು ಪುಡಿಯಾಗಿ ಸ್ಕ್ರೂವೇ ಒಂದು ಅರದ ಥರ ಕೆಲಸ ಮಾಡುತ್ತದೆ.

ಮೂರು, ತಲೆ. ಹಿಂಜ್‌ನ ತೂತು ಬಟ್ಟಲಿನ ಹಾಗೆ ಇಳಿಜಾರಾಗಿದ್ದರೆ ಚಪ್ಪಟೆ ತಲೆಯ ಸ್ಕ್ರೂ, ಅಂದರೆ ಒಳಗೆ ಮುಳುಗಿ ಕೂರುವಂಥದ್ದು. ತಗಡು ಸಪಾಟಾಗಿದ್ದರೆ ಅಡಿ ಸಪಾಟಾಗಿರುವ ದುಂಡು ತಲೆ. ಇದನ್ನು ಅದಲು ಬದಲು ಮಾಡಿದರೆ ತಲೆ ಒಂದು ಕಡೆ ಮಾತ್ರ ತಾಗುತ್ತದೆ, ಬಾಗಿಲು ತೆಗೆದು ಹಾಕಿದಾಗಲೆಲ್ಲ ಸ್ಕ್ರೂ ಸ್ವಲ್ಪ ಸ್ವಲ್ಪ ಅಲ್ಲಾಡುತ್ತದೆ.

ಇಲ್ಲೇ ಕಪ್ಪು ಸ್ಕ್ರೂ ಬಗ್ಗೆ ಹೇಳಿಬಿಡುತ್ತೇನೆ. ಜಿಪ್ಸಮ್ ಸೀಲಿಂಗ್‌ಗೆ ಬಳಸುವ ಆ ಕಪ್ಪು ಸ್ಕ್ರೂ ಅಗ್ಗ, ಚೂಪು, ಮಷಿನ್‌ಗೆ ಇಟ್ಟರೆ ಸರ್ರನೆ ಹೋಗುತ್ತದೆ, ಹಾಗಾಗಿ ಅರ್ಧ ಊರಿನ ಬೀರುಗಳು ಅದರಲ್ಲೇ ನಿಂತಿವೆ. ನಮ್ಮ ಅಡುಗೆಮನೆಗೆ ಹಾಕಿದ್ದೂ ಅದೇ. ಅದರ ಉಕ್ಕು ಗಡಸು, ಆದರೆ ಪೆಡಸು. ಅಡ್ಡ ಭಾರ ಬಿದ್ದರೆ ಬಗ್ಗುವುದಿಲ್ಲ, ತಲೆ ಪಟ್ ಅಂತ ಹಾರುತ್ತದೆ. ತಲೆಯ ಅಡಿ ತುತ್ತೂರಿಯ ಹಾಗೆ ಬಾಗಿರುವುದರಿಂದ ಹಿಂಜ್ ತೂತಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಸಿಂಕ್ ಕೆಳಗೆ ತೇವ ಇದ್ದರೆ ತುಕ್ಕು ಬೇರೆ. ನಾನು ಬಿಚ್ಚಿದ ಹತ್ತು ಕಪ್ಪು ಸ್ಕ್ರೂಗಳಲ್ಲಿ ಎರಡರ ತಲೆ ಕೈಯಲ್ಲಿ, ದೇಹ ಬೋರ್ಡ್‌ನಲ್ಲಿ ಉಳಿಯಿತು. ಬೇಡ.

ತೇವ ಇರುವ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, ಆದರೆ ಅದು ಸ್ವಲ್ಪ ಮೆತ್ತಗಿನ ಲೋಹ. ತೂತು ಕೊರೆಯದೆ ಬಲವಂತವಾಗಿ ತಿರುಗಿಸಿದರೆ ತಲೆಯ ಮೇಲಿನ ಪ್ಲಸ್ ಗುಳಿ ಸವೆದುಹೋಗುತ್ತದೆ. ಉಳಿದ ಕಡೆ ಬೆಳ್ಳಗಿನ ಅಥವಾ ಹಳದಿ ಸತುವಿನ ಲೇಪದ ಸಾಮಾನ್ಯ ಚಿಪ್‌ಬೋರ್ಡ್ ಸ್ಕ್ರೂ ಸಾಕು.

ಅಳತೆ ಕೇಳುವಾಗ ಒಂದು ಗೊಂದಲ ಆಗುತ್ತದೆ. ಕೆಲವು ಅಂಗಡಿಗಳಲ್ಲಿ ಇನ್ನೂ ನಂಬರ್ ಮತ್ತು ಇಂಚಿನ ಲೆಕ್ಕ. 6 ನಂಬರ್ ಅಂದರೆ 3.5 ಎಂಎಂ ದಪ್ಪ, 8 ನಂಬರ್ ಅಂದರೆ 4.2, 10 ನಂಬರ್ ಅಂದರೆ 4.8. ಮುಕ್ಕಾಲು ಇಂಚು ಅಂದರೆ 19 ಎಂಎಂ ಉದ್ದ. 18 ಎಂಎಂ ಬೋರ್ಡ್‌ಗೆ ಮುಕ್ಕಾಲು ಇಂಚಿನ ಸ್ಕ್ರೂ ತಂದು ತೆಳ್ಳಗಿನ ಪ್ಲೇಟ್ ಮೇಲೆ ಹಾಕಿದವರ ಪಾಡು ನನ್ನ ಮೊಡವೆಯ ಪಾಡೇ. ಅದಕ್ಕೇ ಎಂಎಂನಲ್ಲೇ ಕೇಳಿ, ಕೊಟ್ಟದ್ದನ್ನು ಸ್ಕೇಲ್ ಇಟ್ಟು ನೋಡಿ.

ಎಲ್ಲಿಗೆ ಯಾವುದು

ಬಾಗಿಲಿನ ಹಿಂಜ್: ಒಳಗೆ ಅಡಗಿ ಕೂರುವ ಆಟೋ ಹಿಂಜ್ ತಾನೇ? ಅದಕ್ಕೆ 3.5 × 16 ಎಂಎಂ ಚಪ್ಪಟೆ ತಲೆಯ ಚಿಪ್‌ಬೋರ್ಡ್ ಸ್ಕ್ರೂ. ಹಿಂಜ್ ಜೊತೆಗೆ ಬರುವ ಸ್ಕ್ರೂ ಸಾಮಾನ್ಯವಾಗಿ ಇದೇ ಅಳತೆ, ಒಳ್ಳೆಯ ಹಿಂಜ್ ಆಗಿದ್ದರೆ ಅದನ್ನೇ ಹಾಕಿ. ಬಡಗಿಗಳು ಕೆಲವೊಮ್ಮೆ ಆ ಪೊಟ್ಟಣವನ್ನು ಬದಿಗಿಟ್ಟು ತಮ್ಮ ಜೇಬಿನ ಕಪ್ಪು ಸ್ಕ್ರೂ ಹಾಕುತ್ತಾರೆ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು "ಅಣ್ಣಾ, ಅದರ ಜೊತೆ ಬಂದ ಸ್ಕ್ರೂನೇ ಹಾಕಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾಡ್ಯುಲರ್ ಕಿಚನ್‌ಗಳಲ್ಲಿ ಪೆಟ್ಟಿಗೆಯ ಒಳಗೋಡೆಯಲ್ಲಿ 32 ಎಂಎಂಗೆ ಒಂದರಂತೆ ಸಾಲಾಗಿ 5 ಎಂಎಂ ತೂತುಗಳಿರುತ್ತವೆ, ನೋಡಿರಬಹುದು. ಅವು ಯೂರೋ ಸ್ಕ್ರೂಗೆ. ಅದು 6.3 ಎಂಎಂ ದಪ್ಪ, 13 ಎಂಎಂ ಆಸುಪಾಸು ಉದ್ದ, ಗಿಡ್ಡ, ಮೂತಿ ಮೊಂಡು. ದಪ್ಪ ಇರುವುದರಿಂದ ಕಡಿಮೆ ಆಳದಲ್ಲೂ ಜಾಸ್ತಿ ಬೋರ್ಡನ್ನು ಹಿಡಿಯುತ್ತದೆ. ಹಿಂಜ್‌ನ ಪ್ಲೇಟ್‌ಗೆ, ಅಂದರೆ ಪೆಟ್ಟಿಗೆಯ ಒಳಗೋಡೆಗೆ ಕೂರುವ ಅದರ ತಗಡಿಗೆ, ನನ್ನ ಮೊದಲ ಆಯ್ಕೆ ಇದೇ. ಆದರೆ ಪ್ಲೇಟ್‌ನ ತೂತು ಅದಕ್ಕೆ ತಕ್ಕಷ್ಟು ದೊಡ್ಡದಿರಬೇಕು, ಕೊಳ್ಳುವಾಗ ಸ್ಕ್ರೂ ತೂರಿಸಿ ನೋಡಿ.

ಡ್ರಾಯರ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಪಟ್ಟಿ): ಇದಕ್ಕೂ 3.5 ಅಥವಾ 4 ಎಂಎಂ, ಉದ್ದ 16. ಇಲ್ಲಿ ತಲೆಯದ್ದೇ ತಲೆನೋವು. ತಲೆ ದಪ್ಪ ಇದ್ದರೆ ಒಳಗಿನ ಪಟ್ಟಿ ಜಾರುವಾಗ ಅದಕ್ಕೆ ತಾಗಿ ಕಟಕಟ ಅನ್ನುತ್ತದೆ. ಒಂದು ಸ್ಕ್ರೂ ಹಾಕಿ, ಚಾನೆಲ್ ಪೂರ್ತಿ ಎಳೆದು ತಳ್ಳಿ ನೋಡಿ, ಆಮೇಲೆ ಉಳಿದವನ್ನು ಹಾಕಿ.

ಹಿಡಿ: ಹಿಡಿಗೆ ಯಾವತ್ತೂ ಬೋರ್ಡ್‌ಗೆ ಕಚ್ಚುವ ಸ್ಕ್ರೂ ಬೇಡ. ಒಳಗಿಂದ ಆರಪಾರು, ಅಂದರೆ ಹಲಗೆ ದಾಟುವಂತೆ, ತೂತು ಕೊರೆದು ಎಂ4 (4 ಎಂಎಂ ದಪ್ಪದ) ಬೋಲ್ಟ್ ಹಾಕುವ ಹಿಡಿಯನ್ನೇ ತನ್ನಿ, ಒಳಗಡೆ ಒಂದು ಅಗಲದ ವಾಷರ್ ಕೊಡಿ. ದಿನಕ್ಕೆ ಐವತ್ತು ಸಲ ಎಳೆಯುವ ಸಾಮಾನು ಅದು.

ಹಲಗೆಗೆ ಹಲಗೆ ಜೋಡಿಸುವಾಗ: ಇಲ್ಲಿ ಸ್ಕ್ರೂ ಅಂಚಿನೊಳಗೆ ಹೋಗಲೇಬೇಕು, ತಪ್ಪಿಸಲು ಆಗುವುದಿಲ್ಲ. ಹಾಗಾಗಿ ಉದ್ದ ಬೇಕು. ಇದಕ್ಕೇ ಮಾಡಿದ್ದು ಕನ್ಫರ್ಮ್ಯಾಟ್ ಸ್ಕ್ರೂ. ಜರ್ಮನಿಯ ಹ್ಯಾಫೆಲೆ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಅದು, ಈಗ ಯಾರು ಮಾಡಿದರೂ ಹಾಗೇ ಕರೆಯುತ್ತಾರೆ. 7 × 50 ಎಂಎಂ ಸಾಮಾನ್ಯ ಅಳತೆ. ಮೇಲಿನ ಹಲಗೆಗೆ 7 ಎಂಎಂ ತೂತು, ಅಂಚಿಗೆ 5 ಎಂಎಂ ತೂತು. 18 ಎಂಎಂ ಹಲಗೆ ದಾಟಿದ ಮೇಲೂ ಅಂಚಿನೊಳಗೆ 32 ಎಂಎಂ ಉಳಿಯುತ್ತದೆ. ಮನೆ ಖಾಲಿ ಮಾಡುವಾಗ ಬಿಚ್ಚಿ ಮತ್ತೆ ಜೋಡಿಸಬೇಕಾದ ಮಂಚ, ಬೀರು ಆದರೆ ಮಿನಿಫಿಕ್ಸ್ ಹಾಕಿಸಿ, ತಿರುಗಿಸಿದರೆ ಬಿಗಿಯಾಗುವ, ಬೇಕಾದಾಗ ಬಿಚ್ಚಬಹುದಾದ ಜೋಡಣೆ ಅದು.

ಗೋಡೆಗೆ ನೇತುಹಾಕುವ ಪೆಟ್ಟಿಗೆ: ಹಿಂಬದಿಯ ತೆಳು ಹಲಗೆಗೆ ಸ್ಕ್ರೂ ಹೊಡೆದು ನೇತುಹಾಕಬೇಡಿ. ಲೋಹದ ಹ್ಯಾಂಗರ್ ಮತ್ತು ಪಟ್ಟಿ ಸಿಗುತ್ತದೆ. ತಟ್ಟೆ ಲೋಟ ತುಂಬಿದ ಪೆಟ್ಟಿಗೆ ಅದು, ಕೆಳಗೆ ಒಲೆ ಮುಂದೆ ಯಾರೋ ನಿಂತಿರುತ್ತಾರೆ.

ಉದ್ದದ ಲೆಕ್ಕ

ಲೆಕ್ಕ ಸುಲಭ. ಬೋರ್ಡ್ ದಪ್ಪ, ಜೊತೆಗೆ ಹಿಂಜ್ ತಗಡಿನ ದಪ್ಪ, ಅದರಲ್ಲಿ 3 ಎಂಎಂ ಕಳೆಯಿರಿ. 18 ಎಂಎಂ ಬೋರ್ಡ್, 2 ಎಂಎಂ ತಗಡು ಅಂದರೆ 17. ಅಂಗಡಿಯಲ್ಲಿ ಸಿಗುವುದು 16, ಅದೇ ಸರಿ. ಒಳಗೆ 14 ಎಂಎಂ ಹೋಗುತ್ತದೆ, ಆಚೆ ಬದಿಗೆ 4 ಎಂಎಂ ಉಳಿಯುತ್ತದೆ. 15 ಎಂಎಂ ಬೋರ್ಡ್ ಆದರೆ 14 ಬಂತು, 13ರ ಸ್ಕ್ರೂ ಹುಡುಕಬೇಕು. ಆಗ ಸ್ಕ್ರೂವಿನ ದಪ್ಪವನ್ನು 4 ಎಂಎಂಗೆ ಏರಿಸಿ, ಕಳೆದುಕೊಂಡ ಉದ್ದವನ್ನು ಅಗಲದಲ್ಲಿ ಗಳಿಸಿ. ಹಿಂಜ್ ತೂತು ಬಿಡುವುದಾದರೆ ಮಾತ್ರ.

ಮೂತಿ ಆಚೆ ಬದಿಯ ಗಟ್ಟಿ ಪದರದವರೆಗೆ ಹೋದರೆ ಇನ್ನೂ ಒಳ್ಳೆಯದಲ್ಲವಾ ಅಂತ ಕೇಳಬಹುದು. ಹೌದು, ಆದರೆ ಮೂತಿ ಹತ್ತಿರ ಹೋದಾಗ ಅದು ಆ ಪದರವನ್ನು ಕಚ್ಚುವುದಿಲ್ಲ, ಹೊರಗೆ ತಳ್ಳುತ್ತದೆ. ಮೊಡವೆ ಏಳುವುದು ಹಾಗೆ.

ಬಾಗಿಲ ಭಾರದ ಬಗ್ಗೆ ಒಂದು ಸಣ್ಣ ಲೆಕ್ಕ ಹಾಕಿದೆ, ಅಚ್ಚರಿಯಾಯಿತು. 18 ಎಂಎಂ ಬೋರ್ಡ್ ಒಂದು ಚದರ ಮೀಟರ್‌ಗೆ ಹೆಚ್ಚುಕಡಿಮೆ 12 ಕೆಜಿ ತೂಗುತ್ತದೆ. 45 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರದ ಬಾಗಿಲು ಅಂದರೆ ನಾಲ್ಕು ಕೆಜಿಗೂ ಕಡಿಮೆ. ಅದು ಸುಮ್ನೆ ನೇತಾಡುತ್ತಿದ್ದರೆ ಮೇಲಿನ ಹಿಂಜನ್ನು ಹೊರಗೆ ಎಳೆಯುವ ಬಲ ಎರಡು ಕೆಜಿಯೂ ಇಲ್ಲ. ಅಷ್ಟಕ್ಕೆ ಯಾವ ಸ್ಕ್ರೂವೂ ಕಿತ್ತು ಬರುವುದಿಲ್ಲ. ಹಾಗಾದರೆ ಕಿತ್ತು ಬಂದದ್ದು ಯಾಕೆ? ಬಾಗಿಲು ಪೂರ್ತಿ ತೆರೆದ ಮೇಲೂ ಮೊಣಕಾಲಲ್ಲೋ ಬಕೆಟ್‌ನಲ್ಲೋ ಅದನ್ನು ಇನ್ನೂ ಆಚೆಗೆ ತಳ್ಳುತ್ತೇವಲ್ಲ, ಆಗ. ಹಿಂಜ್ ಅಲ್ಲಿಗೆ ನಿಂತಿರುತ್ತದೆ, ಬಾಗಿಲು ಒಂದು ಉದ್ದನೆಯ ಸನ್ನೆಗೋಲು ಆಗುತ್ತದೆ. ನೀವು ಹಿಡಿಯ ಹತ್ತಿರ ತಳ್ಳಿದ ಬಲ ಸ್ಕ್ರೂ ಹತ್ತಿರ ಹತ್ತು ಪಟ್ಟಿಗೂ ಜಾಸ್ತಿ ಆಗಿ ಬೀಳುತ್ತದೆ. ಮಕ್ಕಳು ಜೋತುಬಿದ್ದರೂ ಅಷ್ಟೇ. ಒಳ್ಳೆಯ ಸ್ಕ್ರೂ ಹಾಕಿದ ಮೇಲೂ ಈ ಒಂದು ಅಭ್ಯಾಸ ಬಿಡದಿದ್ದರೆ ಆರು ತಿಂಗಳಲ್ಲಿ ಮತ್ತೆ ಇಲ್ಲಿಗೇ ಬರುತ್ತೀರಿ.

ತೂತು ಕೊರೆಯುವುದು

ಸ್ಕ್ರೂ ಚೂಪಾಗಿದೆ, ತಾನೇ ದಾರಿ ಮಾಡಿಕೊಳ್ಳುತ್ತದೆ ಅನ್ನುವವರು ಇದ್ದಾರೆ. ಹೋಗುತ್ತದೆ, ನಿಜ. ಆದರೆ ಹೋಗುವಾಗ ಆ ಜಾಗದಲ್ಲಿದ್ದ ಚೂರುಗಳನ್ನು ಎಲ್ಲಿಗೋ ತಳ್ಳಲೇಬೇಕು. ಮುಖದಲ್ಲಾದರೆ ಲ್ಯಾಮಿನೇಟ್ ಸುತ್ತ ಉಬ್ಬುತ್ತದೆ, ಹಿಂಜ್ ಆ ಉಬ್ಬಿನ ಮೇಲೆ ಕೂತು ಅಲ್ಲಾಡುತ್ತದೆ. ಅಂಚಿನಲ್ಲಾದರೆ ಹಲಗೆ ಸೀಳುತ್ತದೆ. ಎರಡಕ್ಕೂ ಪರಿಹಾರ ಒಂದೇ, ಕಾಂಡದಷ್ಟು ದಪ್ಪದ ತೂತು ಮೊದಲೇ ಕೊರೆಯುವುದು. ಹಲ್ಲಿಗೆ ಮಾತ್ರ ಹೊಸ ಬೋರ್ಡ್ ಸಿಗಬೇಕು, ಕಾಂಡಕ್ಕೆ ಜಾಗ ಖಾಲಿ ಇರಬೇಕು.

3.5 ಎಂಎಂ ಸ್ಕ್ರೂಗೆ 2 ಎಂಎಂ ಡ್ರಿಲ್ ಬಿಟ್. 4 ಎಂಎಂಗೆ 2.5. 5 ಎಂಎಂಗೆ 3. ಯೂರೋ ಸ್ಕ್ರೂಗೆ 5. ಇಷ್ಟು ನೆನಪಿಟ್ಟರೆ ಸಾಕು. ಮರೆತರೆ ಸ್ಕ್ರೂ ಮುಂದೆ ಬಿಟ್ ಹಿಡಿದು ನೋಡಿ. ಬಿಟ್‌ನ ಎರಡೂ ಬದಿ ಹಲ್ಲು ಇಣುಕಬೇಕು, ಕಾಂಡ ಕಾಣಬಾರದು.

ಕೊರೆಯುವ ಕ್ರಮ ಹೀಗೆ. ಹಿಂಜ್ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಗುರುತಿನ ನಡುವೆ ಮೊಳೆಯ ಮೂತಿಯಿಂದ ಸಣ್ಣ ಚುಕ್ಕೆ ಒತ್ತಿ, ಇಲ್ಲದಿದ್ದರೆ ನುಣುಪು ಲ್ಯಾಮಿನೇಟ್ ಮೇಲೆ ಬಿಟ್ ಜಾರಿ ಪಕ್ಕಕ್ಕೆ ಓಡುತ್ತದೆ. ಬಿಟ್ ಮೂತಿಯಿಂದ 14 ಎಂಎಂ ಅಳೆದು ಅಲ್ಲಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಟೇಪ್ ಬೋರ್ಡ್ ಮುಟ್ಟಿದ ಕೂಡಲೇ ನಿಲ್ಲಿಸಿ. ಡ್ರಿಲ್ ನೇರ ಇರಲಿ, ತಿರುಗುತ್ತಿರುವಾಗಲೇ ಹೊರಗೆ ಎಳೆಯಿರಿ, ಆಗ ಹೊಟ್ಟು ಈಚೆ ಬರುತ್ತದೆ. ಉಳಿದ ಹೊಟ್ಟನ್ನು ಊದಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡು. ನಾನು ಒಮ್ಮೆ ಮುಚ್ಚಿಕೊಳ್ಳಲಿಲ್ಲ.

ಅಂಚಿಗೆ ಕೊರೆಯುವಾಗ ದಪ್ಪದ ಸರಿಯಾಗಿ ನಡುವೆ ಕೊರೆಯಬೇಕು, ಹಲಗೆಯ ಮೂಲೆಯಿಂದ ಕನಿಷ್ಠ 6 ಸೆಂ.ಮೀ. ದೂರ ಬಿಡಬೇಕು. ಎರಡೂ ಬದಿಗೆ ಮರದ ತುಂಡು ಇಟ್ಟು ಕ್ಲ್ಯಾಂಪ್ ಬಿಗಿದು ಸ್ಕ್ರೂ ತಿರುಗಿಸಿದರೆ ಸೀಳುವ ಭಯ ಕಡಿಮೆ.

ತಿರುಗಿಸುವುದು, ಮುಖ್ಯವಾಗಿ ನಿಲ್ಲಿಸುವುದು

ನಾನು ನೋಡಿದ ಹಾಳಾದ ತೂತುಗಳಲ್ಲಿ ಮುಕ್ಕಾಲು ಪಾಲು ಹಾಳಾಗಿದ್ದು ಸ್ಕ್ರೂ ಹಾಕಿದ ದಿನವೇ. ಮಷಿನ್ ಹಿಡಿದು ಗರ್ ಅಂತ ಒತ್ತಿ, ತಲೆ ಕೂತ ಮೇಲೂ ಅರ್ಧ ಸುತ್ತು ಜಾಸ್ತಿ. ಅಷ್ಟು ಸಾಕು.

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಒಂದು ಸಲ ಬೇಕಂತಲೇ ಕೆಡಿಸಿ ನೋಡಿ. ಯಾವುದಾದರೂ ಬೇಡದ ತುಂಡಿನ ಮೇಲೆ. ಮೊದಲ ಸುತ್ತುಗಳು ಹಗುರ. ಒಳಗೆ ಹೋದಷ್ಟೂ ಒಂದೇ ಸಮ ಬಿಗಿಯಾಗುತ್ತಾ ಬರುತ್ತದೆ. ತಲೆ ತಗಡನ್ನು ಮುಟ್ಟಿದ ಕ್ಷಣ ಇದ್ದಕ್ಕಿದ್ದಂತೆ ಗಟ್ಟಿ, ಮಣಿಕಟ್ಟಿಗೆ ತಟ್ಟನೆ ಗೊತ್ತಾಗುತ್ತದೆ. ಅಲ್ಲಿಂದ ಇನ್ನೂ ಕಾಲು ಸುತ್ತು ತಿರುಗಿಸಿ. ಬಿಗಿ. ಇನ್ನೂ ಕಾಲು. ಈಗ ಒಳಗೆ ಸಣ್ಣದಾಗಿ ಕರಕರ ಅಂದು ಕೈಗೆ ಹಗುರವಾಯಿತು, ಅಲ್ವಾ? ತೂತಿನೊಳಗಿನ ಹಲ್ಲಿನ ಜಾಡೆಲ್ಲ ಪುಡಿಯಾಯಿತು ಅಂತ ಅರ್ಥ. ಸ್ಕ್ರೂ ನೋಡಲು ಹಾಗೇ ಇದೆ, ಹಿಂಜ್ ಕೂಡ ಕೂತಿದೆ, ಆದರೆ ಹಿಡಿತ ಹೋಗಿದೆ. ತಲೆ ಮುಟ್ಟಿದ್ದಕ್ಕೂ ಕೆಟ್ಟಿದ್ದಕ್ಕೂ ಇದ್ದ ಅಂತರ ಅರ್ಧ ಸುತ್ತು. ಮಷಿನ್‌ಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ.

ಅದಕ್ಕೇ ಮಷಿನ್ ಬಳಸಿದರೂ ಅದರ ಮೂತಿಯ ಹತ್ತಿರ ನಂಬರ್ ಬರೆದ ಉಂಗುರ ಇರುತ್ತದಲ್ಲ, ಕ್ಲಚ್, ಅದನ್ನು 2 ಅಥವಾ 3ಕ್ಕೆ ಇಡಿ. ಕಟಕಟ ಅಂದು ನಿಂತರೆ ಒಂದೊಂದೇ ನಂಬರ್ ಏರಿಸಿ. ಕೊನೆಯ ಎರಡು ಸುತ್ತು ಕೈಯಲ್ಲೇ. ಇಂಪ್ಯಾಕ್ಟ್ ಡ್ರೈವರ್ (ಹೊಡೆತ ಕೊಡುತ್ತಾ ತಿರುಗಿಸುವ ಮಷಿನ್) ಇದ್ದರೆ ಅದನ್ನು ಈ ಕೆಲಸಕ್ಕೆ ಹೊರಗೇ ತೆಗೆಯಬೇಡಿ.

ಸ್ಕ್ರೂ ತಿರುಗಿಸುವ ಬಿಟ್ ಬಗ್ಗೆ ಒಂದು ಮಾತು. ನಾವೆಲ್ಲ ಸ್ಟಾರ್ ಸ್ಕ್ರೂ ಅಂತ ಒಂದೇ ಹೆಸರಲ್ಲಿ ಕರೆಯುವುದರಲ್ಲಿ ಎರಡು ಜಾತಿ ಇವೆ. ಪ್ಲಸ್ ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೋಜಿಡ್ರೈವ್, ಅದಕ್ಕೆ ಪಿಜೆಡ್2 ಬಿಟ್. ಗೆರೆ ಇಲ್ಲದಿದ್ದರೆ ಫಿಲಿಪ್ಸ್, ಪಿಎಚ್2. ಅದನ್ನು ಇದಕ್ಕೆ ಹಾಕಿದರೆ ಜಾರುತ್ತದೆ, ಜಾರದಿರಲಿ ಅಂತ ನಾವು ಜೋರಾಗಿ ಒತ್ತುತ್ತೇವೆ, ಒತ್ತಿದ ರಭಸಕ್ಕೆ ತೂತು ಕೆಡುತ್ತದೆ.

ಬಿಚ್ಚಿದ ಸ್ಕ್ರೂವನ್ನು ಮತ್ತೆ ಅದೇ ತೂತಿಗೆ ಹಾಕಬೇಕಾದರೆ ಒಂದು ಉಪಾಯ ಇದೆ. ಸ್ಕ್ರೂ ಇಟ್ಟು ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ಟಿಕ್ ಅಂತ ಕೆಳಗೆ ಬಿದ್ದ ಹಾಗೆ ಆಗುತ್ತದೆ. ಹಳೆಯ ಜಾಡಿನ ಬಾಯಿ ಸಿಕ್ಕಿತು ಅಂತ ಲೆಕ್ಕ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೆಯ ಜಾಡಿನಲ್ಲೇ ಹೋಗುತ್ತದೆ, ಹೊಸದಾಗಿ ಕೊರೆಯುವುದಿಲ್ಲ. ಡಬ್ಬಿಯ ಮುಚ್ಚಳ ಸೊಟ್ಟಗೆ ಕೂರದಿರಲಿ ಅಂತ ಅಮ್ಮಂದಿರು ಮಾಡುವುದೂ ಇದನ್ನೇ.

ತೂತು ಆಗಲೇ ಕೆಟ್ಟಿದ್ದರೆ

ಸ್ವಲ್ಪ ಸಡಿಲ ಅಷ್ಟೇ ಅಂದರೆ: ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿ ತೆಗೆದುಕೊಳ್ಳಿ. ಮರ ಅಂಟಿಸುವ ಬಿಳಿ ಅಂಟನ್ನು, ಅದೇ ಫೆವಿಕಾಲ್ ಥರದ್ದು, ತೂತಿನೊಳಗೆ ತುಂಬಿ, ಕಡ್ಡಿ ಎರಡೋ ಮೂರೋ ತುರುಕಿ, ಮೇಲ್ಮಟ್ಟಕ್ಕೆ ಕತ್ತರಿಸಿ. ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಮತ್ತೆ 2 ಎಂಎಂ ತೂತು ಕೊರೆದು ಸ್ಕ್ರೂ ಹಾಕಿ. ಒದ್ದೆ ಇರುವಾಗಲೇ ಸ್ಕ್ರೂ ಬಿಗಿದು "ಆಯ್ತು" ಅನ್ನುವವರು ನಾಳೆ ಮತ್ತೆ ಅಂಟು ಹುಡುಕುತ್ತಾರೆ.

ಯೂರೋ ಸ್ಕ್ರೂ ಹಿಡಿಸುವ ಪ್ಲೇಟ್ ಇದ್ದರೆ ಅಂಟೂ ಬೇಡ. 3.5ರ ಕೆಟ್ಟ ತೂತನ್ನು 5 ಎಂಎಂ ಬಿಟ್‌ನಲ್ಲಿ ಶುಚಿ ಮಾಡಿ, 6.3ರ ಸ್ಕ್ರೂ ಹಾಕಿದರೆ ಅದು ಹೊಸ ಬೋರ್ಡನ್ನು ಕಚ್ಚುತ್ತದೆ. ಐದು ನಿಮಿಷದ ಕೆಲಸ.

ತೂತು ದೊಡ್ಡದಾಗಿ ಕುಸಿದಿದ್ದರೆ: 8 ಎಂಎಂ ಬಿಟ್‌ನಲ್ಲಿ 14 ಎಂಎಂ ಆಳಕ್ಕೆ ಕೊರೆದು, ಅಂಟು ಹಚ್ಚಿ 8 ಎಂಎಂ ಮರದ ಗೂಟ ಬಡಿಯಿರಿ. ಒಣಗಿದ ಮೇಲೆ ಮಟ್ಟ ಮಾಡಿ ನಡುವೆ ಮತ್ತೆ ಸಣ್ಣ ತೂತು. ಈ ಸಣ್ಣ ತೂತು ಕೊರೆಯದಿದ್ದರೆ ಗೂಟವೇ ಸೀಳುತ್ತದೆ. ಸ್ಕ್ರೂ ಗೂಟದ ಉದ್ದಕ್ಕೆ ಹೋಗುವುದರಿಂದ ಮರದ ಪೂರ್ತಿ ಹಿಡಿತ ಸಿಗುವುದಿಲ್ಲ, ಆದರೂ ಕುಸಿದ ಬೋರ್ಡ್‌ಗಿಂತ ಎಷ್ಟೋ ವಾಸಿ. ಗೂಟ ಇಲ್ಲದಿದ್ದರೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟಿಗೆ ಮರದ ಹೊಟ್ಟು ಕಲಸಿ ತುಂಬಬಹುದು. ಐದು ನಿಮಿಷಕ್ಕೆ ಗಟ್ಟಿಯಾಗುವುದು ಬೇಡ, ನಿಧಾನದ್ದೇ ತನ್ನಿ, ಅದು ಚೂರುಗಳೊಳಗೆ ಇಳಿಯಲು ಹೊತ್ತು ಬೇಕು.

ನೀರು ಕುಡಿದು ಬೋರ್ಡ್ ಉಬ್ಬಿದ್ದರೆ ಮೇಲಿನ ಯಾವುದೂ ನಡೆಯುವುದಿಲ್ಲ. ಉಬ್ಬಿದ ಕಡೆ ಅಂಟು ಸತ್ತಿರುತ್ತದೆ, ಒಣಗಿದರೂ ಅದು ಮೊದಲಿನ ಹಾಗೆ ಆಗುವುದಿಲ್ಲ. ಹಿಂಜ್‌ನ ಜಾಗವನ್ನೇ ನಾಲ್ಕೈದು ಸೆಂ.ಮೀ. ಮೇಲೆ ಅಥವಾ ಕೆಳಗೆ, ಗಟ್ಟಿ ಇರುವ ಕಡೆಗೆ ಸರಿಸಿ. ಅಥವಾ ಅಂಗಡಿಯಲ್ಲಿ ಹಿಂಜ್ ರಿಪೇರಿ ಪ್ಲೇಟ್ ಅಂತ ಅಗಲದ ಸ್ಟೀಲ್ ತಗಡು ಸಿಗುತ್ತದೆ, ಅದರ ಸ್ಕ್ರೂಗಳು ಕೆಟ್ಟ ಜಾಗದಿಂದ ದೂರ ಬೀಳುತ್ತವೆ.

ನನ್ನ ಸಿಂಕ್ ಬಾಗಿಲಿಗೆ ಇವು ಯಾವುದನ್ನೂ ಮಾಡಲು ಆಗಲಿಲ್ಲ, ಪ್ಲಗ್ ಬಡಿದು ನಾನೇ ಸೀಳಿಹಾಕಿದ್ದೆನಲ್ಲ. ಮೊದಲು ಬಿರುಕಿಗೆ ಅಂಟು ಬಿಟ್ಟು ಎರಡು ಬದಿ ಹಲಗೆ ಇಟ್ಟು ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಟ್ಟೆ. ಮಾರನೇ ದಿನ ಆರಪಾರು 4.5 ಎಂಎಂ ತೂತು ಕೊರೆದು, ಎಂ4 × 30 ಸ್ಟೇನ್‌ಲೆಸ್ ಬೋಲ್ಟ್ ಎರಡು, ಆಚೆ ಬದಿಗೆ ಅಗಲದ ವಾಷರ್, ನಟ್. ಬೋರ್ಡ್ 18, ಪ್ಲೇಟ್ 2, ವಾಷರ್ 1, ನಟ್ 3 ಹೋದರೆ ಸುಮಾರು 6 ಎಂಎಂ ಬೋಲ್ಟ್ ಪಕ್ಕದ ಖಾನೆಯೊಳಗೆ ಚಾಚಿಕೊಂಡಿತ್ತು. ಕೈಗೆ ಚುಚ್ಚೀತು, ಕತ್ತರಿಸಬೇಕು ಅಂತ ಹ್ಯಾಕ್ಸಾ ಬ್ಲೇಡ್ ತಂದೆ. ಅಷ್ಟರಲ್ಲಿ ಅಮ್ಮ ಮೇಲಿನ ಬೋಲ್ಟ್‌ಗೆ ಟೀ ಸೋಸುವ ಜರಡಿ ನೇತುಹಾಕಿ ಆಗಿತ್ತು. ಕೆಳಗಿನದ್ದನ್ನು ಮಾತ್ರ ಕತ್ತರಿಸಿದೆ.